ಹೆಡ್‌ಲೈಟಿಗೆ ಬಂದ ಪೊರೆ

ಚಳ್ಳಕೆರೆ ದಾಟಿ ಬಳ್ಳಾರಿ ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 150ಎ ತಳುಕು, ಬಿ.ಜಿ. ಕೆರೆ, ರಾಂಪುರಗಳ ಮೇಲೆ ಹಾದು ಹೋಗುತ್ತದೆ. ಹಗಲಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು, ದೂರದಲ್ಲಿ ಬಂಡೆಗುಡ್ಡ. ಕತ್ತಲಾದ ಮೇಲೆ ಅದೇ ದಾರಿ ಬೇರೆ. ಹಿಂದಿನ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್, ರಸ್ತೆಯಂಚಿಗೆ ಪಂಕ್ಚರಾಗಿ ನಿಂತ ಲಾರಿ, ಮಂದೆ ಹೊಡೆದುಕೊಂಡು ಹೊರಟ ಕುರಿಗಾಹಿ, ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳು, ಮೊಳಕಾಲ್ಮುರು ಗುಡ್ಡಗಳಿಂದ ಇಳಿದು ಬರುವ ಕರಡಿ. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕರಿ ಕಂಬಳಿ ಹೊದ್ದು ರಸ್ತೆ ಬದಿ ನಡೆಯುವವನ ಮೇಲೆ ಬಿದ್ದ ಬೆಳಕಿನಲ್ಲಿ ವಾಪಸ್ ಬರುವುದು ಅತ್ಯಲ್ಪ. ಹತ್ತಿರಕ್ಕೆ ಹೋಗುವ ತನಕ ಅಲ್ಲೊಬ್ಬ ಮನುಷ್ಯ ಇದ್ದಾನೆಂದೇ ಗೊತ್ತಾಗುವುದಿಲ್ಲ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನ ನೋಡಲು ಬರುವವರಿಗೂ ಇದೇ ಅನುಭವ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಆ ಶಾಸನದಲ್ಲಿ ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಇದೆ. ಅಂದರೆ ಈ ಸೀಮೆಯಲ್ಲಿ ಸರ್ಕಾರಿ ಓಡಾಟ ಎರಡು ಸಾವಿರ ವರ್ಷಕ್ಕೂ ಹಿಂದಿನದು. ಬೀದಿದೀಪ ಮಾತ್ರ ಊರ ಬಾಗಿಲಿಗೇ ಮುಗಿಯುತ್ತದೆ. ಸಂಜೆ ಬಂಡೆಗಳ ಮೇಲೆ ಕೂತು ಫೋಟೊ ತೆಗೆದುಕೊಂಡು, ಹೊತ್ತು ಮುಳುಗಿದ ಮೇಲೆ ಹೆದ್ದಾರಿ ಸೇರುವಷ್ಟರಲ್ಲಿ ನಮಗೆ ಉಳಿದಿರುವುದು ನಮ್ಮ ಕಾರಿನ ಬೆಳಕೊಂದೇ.

ಆ ಬೆಳಕು ಎಷ್ಟು ಬೇಕು ಎಂಬುದಕ್ಕೆ ಲೆಕ್ಕವಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರಿಗೇನೋ ಇದೆ ಎಂದು ಕಣ್ಣು ಗುರುತಿಸಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಅಲ್ಲೇ ಹೋಯಿತು. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು ಗಾಡಿಯನ್ನು ನಿಲ್ಲಿಸಲು ಇನ್ನೊಂದು 35 ಮೀಟರಾದರೂ ಬೇಕು. ಒಟ್ಟು ಎಪ್ಪತ್ತು ಮೀಟರಿನ ಹತ್ತಿರ. ಹೊಸ ಕಾರಿನ ಡಿಮ್ ಬೆಳಕು ನೆಲ ಮುಟ್ಟುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಹತ್ತು ವರ್ಷ ಬಿಸಿಲಲ್ಲಿ ನಿಂತ ಕಾರಿನದು ಎಷ್ಟಿರಬಹುದೆಂದು ನೀವೇ ಊಹಿಸಿ.

ಬೆಳಕು ಸಾಲುತ್ತಿಲ್ಲ ಎನಿಸಿದಾಗ ನಮ್ಮ ಕಡೆ ಮೊದಲು ನೆನಪಾಗುವುದು ಬಲ್ಬು. ಬಿಡಿಭಾಗದ ಅಂಗಡಿಯ ಕಟ್ಟೆಯಲ್ಲಿ ಐದು ನಿಮಿಷ ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ.

“ಅಣ್ಣ, ಲೈಟೇ ಕಾಣಲ್ಲ ಅಂತೀಯಲ್ಲ, ನೂರು-ತೊಂಬತ್ತರದು ಹಾಕ್ಬಿಡಾನ. ಹಗಲಾದಂಗೆ ಆಗ್ತೈತೆ.”

“ವೈರ್ ಸುಡಲ್ಲ ತಾನೇ?”

“ಏನೂ ಆಗಲ್ಲ ಬಿಡಣ್ಣ, ಎಲ್ರೂ ಹಾಕ್ಸವ್ರೆ.”

ಎಲ್ಲರೂ ಹಾಕಿಸಿರುವುದು ನಿಜ. ಏನೂ ಆಗುವುದಿಲ್ಲ ಎಂಬುದು ನಿಜವಲ್ಲ. ಹಳೆಯ ಸ್ವಿಫ್ಟ್, ಆಲ್ಟೊಗಳಂಥ ಸಾಮಾನ್ಯ ಕಾರುಗಳಲ್ಲಿ ಇರುವುದು ಎಚ್4 ಎಂಬ ಮೂರು ಕಾಲಿನ ಹ್ಯಾಲೊಜೆನ್ ಬಲ್ಬು. ಒಂದೇ ಬುರುಡೆಯೊಳಗೆ ಎರಡು ತಂತು: ಹೈಬೀಮಿಗೆ 60 ವಾಟ್, ಡಿಮ್ಮಿಗೆ 55. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ 60 ವಾಟಿನ ತಂತು ಎಳೆಯುವುದು 5 ಆಂಪಿಯರ್. ನೂರರದು ಹಾಕಿದರೆ ಅದು 8 ಆಂಪಿಯರ್ ದಾಟುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬಿಸಿ ಎರಡೂಮುಕ್ಕಾಲು ಪಟ್ಟು ಆಗುತ್ತದೆ. ವೈರಿಗೆ, ಸ್ವಿಚ್ಚಿಗೆ, ಹೋಲ್ಡರಿಗೆ ಕಂಪನಿಯವರು ಇಟ್ಟಿದ್ದ ತಾಳಿಕೆ ಇದಕ್ಕಲ್ಲ. ಮೊದಲು ಹೋಲ್ಡರ್ ಕಂದಾಗುತ್ತದೆ, ಆಮೇಲೆ ಕರಗಿ ಬಲ್ಬಿನ ಕಾಲಿಗೆ ಅಂಟಿಕೊಳ್ಳುತ್ತದೆ. ಒಳಗಿನ ರಿಫ್ಲೆಕ್ಟರಿನ ಹೊಳಪೂ ಬಿಸಿಗೆ ಸುಟ್ಟು ಮಬ್ಬಾಗುತ್ತದೆ. ಬೆಳಕು ಹೆಚ್ಚಿಸಲು ಹೋಗಿ ಬೆಳಕು ಎಸೆಯುವ ಬೋಗುಣಿಯನ್ನೇ ಕೆಡಿಸಿಕೊಂಡಂತಾಯಿತು.

ಈಚೆಗೆ ಬಂದದ್ದು ಎಚ್4 ಹೋಲ್ಡರಿಗೇ ಕೂರುವ ಬಿಳಿ ಎಲ್‌ಇಡಿ. ಇದು ವೈರ್ ಸುಡುವುದಿಲ್ಲ, ಎದುರಿನವನ ಕಣ್ಣು ಸುಡುತ್ತದೆ. ಕಾರಣ ತಿಳಿಯಬೇಕಾದರೆ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಬೇಕು. ಗಾಜನ್ನಲ್ಲ, ತಳದ ಲೋಹವನ್ನು ಹಿಡಿದು. ಡಿಮ್ ತಂತುವಿನ ಕೆಳಗೆ ಉಗುರಿನಷ್ಟು ಅಗಲದ ಲೋಹದ ಚಿಪ್ಪೊಂದಿದೆ. ತಂತುವಿನಿಂದ ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ಗೋಡೆಯ ಮೇಲೆ ಡಿಮ್ ಹಾಕಿದಾಗ ಕಾಣುವ, ಮೇಲೆ ಕತ್ತಲು ಕೆಳಗೆ ಬೆಳಕು ಎಂಬ ಆ ಗೆರೆ ಈ ಚಿಪ್ಪಿನ ಅಂಚಿನ ಕೆಲಸ. ಕೂದಲಿನಷ್ಟು ಸಣ್ಣ ತಂತು ಎಲ್ಲಿ ಕೂರಬೇಕೋ ಅಲ್ಲೇ ಕೂತರೆ ಮಾತ್ರ ಲೆಕ್ಕ ಸರಿ. ಆ ಜಾಗಕ್ಕೆ ಚಪ್ಪಟೆ ಎಲ್‌ಇಡಿ ತುಂಡುಗಳನ್ನು ಅಂಟಿಸಿದ ಕಡ್ಡಿ ತೂರಿಸಿದರೆ ಬೆಳಕು ಎತ್ತೆತ್ತಲೋ ಚೆಲ್ಲುತ್ತದೆ. ಸ್ಟಿಯರಿಂಗ್ ಹಿಡಿದವನಿಗೆ ಹತ್ತಿರದ ರಸ್ತೆ ಫಳಫಳ ಹೊಳೆದು ಖುಷಿಯಾಗುತ್ತದೆ. ದೂರದ ರಸ್ತೆ ಮೊದಲಿಗಿಂತ ಕತ್ತಲಾಗಿರುವುದು ಅವನ ಗಮನಕ್ಕೆ ಬರುವುದಿಲ್ಲ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ಕಣ್ಣು ಕೋರೈಸುವ ದೀಪಗಳ ಮೇಲೆ ಪ್ರಕರಣ ದಾಖಲಿಸಲು ಹೊರಟದ್ದು ಸುಮ್ಮನೆ ಅಲ್ಲ. ದಂಡದ ಮೊತ್ತ ದೊಡ್ಡದೇನಲ್ಲ, ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ಸಲಕ್ಕೆ 500 ರೂಪಾಯಿವರೆಗೆ ಅಷ್ಟೆ. ಹೆದರಿಕೆ ಹುಟ್ಟಿಸುವ ಮೊತ್ತವಲ್ಲ ಎಂಬುದೇ ನನ್ನ ತಕರಾರು.

ಹಾಗಾದರೆ ಬೆಳಕು ಹೋದದ್ದು ಎಲ್ಲಿಗೆ? ಬಹಳಷ್ಟು ಹಳೆಯ ಕಾರುಗಳ ವಿಷಯದಲ್ಲಿ ಉತ್ತರ ಕಣ್ಣೆದುರಿಗೇ ಇರುತ್ತದೆ. ಹಗಲಲ್ಲಿ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಡ್‌ಲೈಟ್ ನೋಡಿ. ಒಳಗಿನ ಬಲ್ಬು ಸ್ಪಷ್ಟವಾಗಿ ಕಾಣದೆ, ಮೇಲ್ಭಾಗದಲ್ಲಿ ಹಳದಿ ಮಬ್ಬು ಕವಿದಿದ್ದರೆ ಅದು ಕಣ್ಣಿಗೆ ಪೊರೆ ಬಂದಂತೆಯೇ. ಬಲ್ಬು ಬದಲಿಸಿ ಪ್ರಯೋಜನವಿಲ್ಲ.

ನಾವು ಗಾಜು ಅನ್ನುತ್ತೇವಾದರೂ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ 1953ರಲ್ಲಿ ಕಂಡುಹಿಡಿದದ್ದು. ಅದೇ ಕಾಲಕ್ಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಕೂಡ ಕಂಡುಕೊಂಡ. ತೂಕ ಗಾಜಿನ ಅರ್ಧ, ಕಲ್ಲು ಸಿಡಿದರೆ ಒಡೆಯುವುದಿಲ್ಲ, ಯಾವ ಆಕಾರಕ್ಕೆ ಬೇಕಾದರೂ ಎರಕ ಹೊಯ್ಯಬಹುದು. ಎರಡು ದೌರ್ಬಲ್ಯ ಮಾತ್ರ: ಬೇಗ ಗೀರು ಬೀಳುತ್ತದೆ, ಸೂರ್ಯನ ನೇರಳಾತೀತ ಕಿರಣಕ್ಕೆ ಹಳದಿಯಾಗುತ್ತದೆ. ಇದಕ್ಕಾಗಿ ಕಾರ್ಖಾನೆಯಲ್ಲೇ ಮೇಲೊಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ಚಳ್ಳಕೆರೆ, ಮೊಳಕಾಲ್ಮುರುಗಳಲ್ಲಿ ಆ ಲೇಪಕ್ಕೆ ವರ್ಷದ ಬಹುಪಾಲು ಬಿಸಿಲು, ಅದರ ಮೇಲೆ ಗಾಳಿಗೆ ಎದ್ದ ಮಣ್ಣು. ಲೇಪ ಮೊದಲು ಸೂಕ್ಷ್ಮವಾಗಿ ಬಿರಿಯುತ್ತದೆ, ಆಮೇಲೆ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಮಬ್ಬಾದ ಮುಖ ಬೆಳಕನ್ನು ತಿನ್ನುವುದಷ್ಟೇ ಅಲ್ಲ, ಉಳಿದದ್ದನ್ನು ಚದುರಿಸಿ ಎದುರಿನವನ ಕಣ್ಣಿಗೂ ಎರಚುತ್ತದೆ. 2018ರಲ್ಲಿ ಅಮೆರಿಕದ ವಾಹನ ಸವಾರರ ಸಂಘ ಎಎಎ ಹಳೆಯ ಹೆಡ್‌ಲೈಟುಗಳನ್ನು ಪ್ರಯೋಗಾಲಯದಲ್ಲಿ ಅಳೆದಾಗ, ಹಳದಿಗಟ್ಟಿದ ದೀಪದಿಂದ ಹೊಸದರ ಐದನೇ ಒಂದು ಪಾಲಿನಷ್ಟು ಬೆಳಕು ಬಂತು. ಪಾಲಿಶ್ ಮಾಡಿದ ಮೇಲೆ ಅದು ಶೇ 70ರ ಹತ್ತಿರಕ್ಕೆ ಏರಿತು.

ಹಾಗಿದ್ದರೆ ಪಾಲಿಶ್ ಸಾಕಲ್ಲವೇ ಎನ್ನಬಹುದು. ಕೆಲವಕ್ಕೆ ಸಾಕು. 800ರಿಂದ ಶುರುಮಾಡಿ 2000, 3000ದ ತನಕ ವಾಟರ್ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ, ಕಾಂಪೌಂಡ್ ಹಚ್ಚಿ ಉಜ್ಜಿದರೆ ಕನ್ನಡಿಯಾಗುತ್ತದೆ. ಆದರೆ ತಿಕ್ಕುವಾಗ ಅಳಿದುಳಿದ ಲೇಪವೂ ಹೋಗಿರುತ್ತದೆ. ಮೇಲೆ ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಕೊಡದಿದ್ದರೆ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಹಳದಿ ವಾಪಸ್. ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದಂತೂ ಮದುವೆ ದಿನದ ಅಲಂಕಾರ. ಒಳಮೈಯಲ್ಲೇ ಮಬ್ಬಿದ್ದರೆ, ರಿಫ್ಲೆಕ್ಟರ್ ಕಪ್ಪಾಗಿದ್ದರೆ, ಹಿಡಿಕೆಯ ಕಿವಿ ಮುರಿದು ಎಂ-ಸೀಲ್ ಮೆತ್ತಿದ್ದರೆ ತಿಕ್ಕುತ್ತ ಕೂರಬೇಡಿ, ಇಡೀ ಹೆಡ್‌ಲೈಟ್ ಬದಲಿಸಿ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪುಗಳ ಕಾಲದಲ್ಲಿ ಇದೆಲ್ಲ ತಲೆನೋವೇ ಇರಲಿಲ್ಲ. ಏಳಿಂಚಿನ ದುಂಡು ಗಾಜು, ಸುತ್ತ ಹೊಳೆಯುವ ರಿಂಗು. ರಿಂಗು ಕಳಚಿ ತಿರುಪು ಸಡಿಲಿಸಿದರೆ ದೀಪ ಕೈಗೆ ಬರುತ್ತಿತ್ತು. ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದು, ಎದುರಿನವರ ಕಣ್ಣಿಗೆ ಹೊಡೆಯದಂತೆ ನೋಡಿಕೊಳ್ಳುವ ಕಾಳಜಿಯೂ ಇತ್ತು. ಅಮೆರಿಕ 1983ರಲ್ಲಿ ಬಲ್ಬು ಮಾತ್ರ ಬದಲಿಸಬಹುದಾದ ಪ್ಲಾಸ್ಟಿಕ್ ಮುಖದ ದೀಪಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ಕಾರಿನ ಮುಖಕ್ಕೆ ತಕ್ಕ ದೀಪ ಬಂತು, ಒಂದು ಕಾರಿನದು ಇನ್ನೊಂದಕ್ಕೆ ಆಗದಂತಾಯಿತು. ಭಾರತದಲ್ಲಿ 2005ರಲ್ಲಿ ಸ್ವಿಫ್ಟ್ ಬಂದಾಗ ಅದರ ದೊಡ್ಡ ಕಣ್ಣು ನೋಡಿ ಮರುಳಾದವರೇ ಈಗ ಆ ಕಣ್ಣಿನ ಹಳದಿ ನೋಡುತ್ತಿರುವುದು.

ಕೊಳ್ಳುವಾಗ ಎರಡನ್ನೂ ಕೊಳ್ಳಿ. ಒಂದು ಹಳದಿ ಒಂದು ಬಿಳಿ ಇದ್ದರೆ ಕಣ್ಣು ಬೆಳಕಿದ್ದ ಕಡೆಗೇ ಹೋಗುತ್ತದೆ, ಕತ್ತಲ ಬದಿಯ ಎತ್ತು ಕಾಣುವುದಿಲ್ಲ. ಕಂಪನಿಯ ಅಸಲಿ ಬಿಡಿಭಾಗ ಒಂದು ದಾರಿ. ಲ್ಯೂಮ್ಯಾಕ್ಸ್‌ನಂಥ, ಕಾರು ಕಂಪನಿಗಳಿಗೇ ದೀಪ ಒದಗಿಸುವವರು ತಮ್ಮ ಹೆಸರಲ್ಲಿ ಮಾರುವುದು ಇನ್ನೊಂದು ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರಿದ್ದರೆ ಆಯ್ಕೆ ಇನ್ನೂ ಹೆಚ್ಚು. ಹೆಸರೇ ಇಲ್ಲದ ಅಗ್ಗದ ನಕಲಿಯಲ್ಲಿ ಅಂಚು ಕೂರುವುದಿಲ್ಲ, ಮೊದಲ ಮಳೆಗೇ ಒಳಗೆ ನೀರು. ಗುಜರಿಯಲ್ಲಿ ಸಿಗುವ ವಿದೇಶಿ ಕಾರಿನ ದೀಪದ ಬಗ್ಗೆ ಎಚ್ಚರ ಬೇಕು. ನಾವು ಎಡಕ್ಕೆ ಓಡಿಸುವವರು, ನಮ್ಮ ಡಿಮ್ ಬೆಳಕಿನ ಗೆರೆ ಎಡಬದಿಗೆ ಸ್ವಲ್ಪ ಮೇಲೇರಿ ರಸ್ತೆಯಂಚಿನ ನಡೆಯುವವರನ್ನು ತೋರಿಸುತ್ತದೆ. ಬಲಕ್ಕೆ ಓಡಿಸುವ ದೇಶದ ದೀಪ ಹಾಕಿದರೆ ಆ ಏರು ನೇರ ಎದುರಿನ ಚಾಲಕನ ಮುಖಕ್ಕೆ. ಯುರೋಪಿನ ನಿಯಮದಂತೆ ಮಾಡಿದ ದೀಪದ ಮುಖದಲ್ಲಿ ಸಣ್ಣ ಬಾಣದ ಗುರುತು ಅಚ್ಚಾಗಿರುತ್ತದೆ. ಎದುರು ನಿಂತು ನೋಡಿದಾಗ ಬಾಣ ನಮ್ಮ ಬಲಕ್ಕೆ ತೋರಿದರೆ ಅದು ಎಡಬದಿ ಸಂಚಾರದ ದೀಪ. ಇನ್ನು ಕಾನೂನು. ಅದೇ ಮಾದರಿಯ ದೀಪವನ್ನು ಮನೆಯಲ್ಲಿ ಬದಲಿಸಲು ಯಾರ ಅಪ್ಪಣೆಯೂ ಬೇಡ. ಕಂಪನಿ ಕೊಟ್ಟ ಸ್ವರೂಪಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಿದರೆ ಮಾತ್ರ ಕಾಯ್ದೆಯ 52ನೇ ಕಲಂ ಎದುರಾಗುತ್ತದೆ.

ಕೆಲಸಕ್ಕೆ ಬೆಳಗ್ಗೆಯ ತಂಪು ಹೊತ್ತು, ಒಬ್ಬ ಜೊತೆಗಾರ, ಒಂದು ಬಕೆಟ್ ನೀರು ಬೇಕು. 10 ಎಂ.ಎಂ. ಬಾಕ್ಸ್ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಚಪ್ಪಟೆ ಸ್ಕ್ರೂಡ್ರೈವರ್, ಬಣ್ಣದ ಅಂಗಡಿಯ ಅಂಟು ಟೇಪು ಇದ್ದರೆ ಮಾರುತಿ ಕಾರುಗಳಿಗೆ ಬಹುಪಾಲು ಸಾಕಾಗುತ್ತದೆ. ಬಂಪರಿನ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದು ಹಿಡಿ ಮೊದಲೇ ತಂದಿಟ್ಟುಕೊಳ್ಳಿ. ಹಳೆಯವು ಬಿಸಿಲಿಗೆ ಹಪ್ಪಳದಷ್ಟು ಪೆಡಸಾಗಿರುತ್ತವೆ, ಬಿಚ್ಚುವಾಗ ಅರ್ಧ ಮುರಿಯುವುದು ಖಂಡಿತ.

ಕೀಲಿ ತೆಗೆದು, ಬಾನೆಟ್ ಎತ್ತಿ, ಬ್ಯಾಟರಿಯ ನೆಗೆಟಿವ್ ಕಳಚಿ. ಹಳೆಯ ಸ್ವಿಫ್ಟಿನಂಥ ಕಾರುಗಳಲ್ಲಿ ಹೆಡ್‌ಲೈಟಿನ ಒಂದು ಬೋಲ್ಟು ಬಂಪರಿನ ಹಿಂದೆ ಅಡಗಿರುವುದರಿಂದ ಬಂಪರ್ ಇಳಿಸದೆ ಗತಿಯಿಲ್ಲ. ಮೇಲಿನ ಸಾಲಿನ ಕ್ಲಿಪ್ಪು, ಚಕ್ರದ ಕಮಾನಿನೊಳಗಿನ ತಿರುಪು, ಅಡಿಯ ಕ್ಲಿಪ್ಪುಗಳನ್ನು ಬಿಚ್ಚಿದ ಮೇಲೆ ಮಡ್‌ಗಾರ್ಡಿನ ಬಣ್ಣಕ್ಕೆ ಟೇಪು ಅಂಟಿಸಿ. ಇಬ್ಬರೂ ಎರಡು ತುದಿ ಹಿಡಿದು ಮೊದಲು ಪಕ್ಕಕ್ಕೆ, ಆಮೇಲೆ ಮುಂದಕ್ಕೆ ಎಳೆಯಬೇಕು. ಫಾಗ್ ಲ್ಯಾಂಪ್ ಇದ್ದರೆ ಅದರ ಕಪ್ಲರ್ ನೆನಪಿರಲಿ, ಎಳೆದಾಟಕ್ಕೆ ವೈರು ಕಿತ್ತು ಬರುತ್ತದೆ.

ಬಂಪರ್ ಇಳಿದಾಗ ಕಾಣುವ ದೃಶ್ಯ ನೋಡಬೇಕಾದ್ದೇ. ಸಂದಿಗಳಲ್ಲಿ ಗಟ್ಟಿಯಾದ ಕೆಮ್ಮಣ್ಣು, ರೇಡಿಯೇಟರಿನ ಮುಂದೆ ಒಣಗಿದ ಪತಂಗಗಳ ರಾಶಿ, ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಎಣ್ಣೆಗಿರಣಿಗಳ ಊರಾದ ಚಳ್ಳಕೆರೆಯಲ್ಲಿ, ಶೇಂಗಾ ತುಂಬಿಟ್ಟ ಮನೆಯ ಅಂಗಳದಲ್ಲಿ ನಿಲ್ಲುವ ಕಾರಾದರೆ ಶೇಂಗಾ ಸಿಪ್ಪೆಯ ಸಣ್ಣ ಗುಪ್ಪೆಯೂ ಸಿಕ್ಕೀತು. ಸಿಪ್ಪೆ ಕಂಡರೆ ಇಲಿ ಬಂದಿದೆ ಎಂದರ್ಥ, ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿ. ಕಚ್ಚಿದ ವೈರಿಗೆ ಈಗಲೇ ಟೇಪು ಸುತ್ತದೆ ಹೊಸ ದೀಪ ಕೂರಿಸಿದರೆ ಮತ್ತೊಮ್ಮೆ ಬಂಪರ್ ಇಳಿಸಬೇಕಾಗುತ್ತದೆ.

ದೀಪದ ಬೋಲ್ಟು ತೆಗೆದು, ಮುಂದಕ್ಕೆ ಅರ್ಧ ಎಳೆದು, ಹಿಂದಿನ ಕಪ್ಲರುಗಳನ್ನು ಬಿಡಿಸಿ: ದೊಡ್ಡದು ಎಚ್4ದು, ಸಣ್ಣವು ಇಂಡಿಕೇಟರ್ ಮತ್ತು ಪಾರ್ಕಿಂಗ್ ಲೈಟಿನವು, ಇನ್ನೊಂದು, ದೀಪವನ್ನು ಮೇಲೆಕೆಳಗೆ ಮಾಡುವ ಮೋಟರಿನದು. ಕಪ್ಲರಿನ ಲಾಕ್ ಒತ್ತಿ ಹಿಡಿದು ಎಳೆಯಬೇಕು, ವೈರು ಹಿಡಿದು ಜಗ್ಗಬಾರದು. ಹೊಸ ದೀಪಕ್ಕೆ ಹೊಸ ಬಲ್ಬೇ ಹಾಕಿ, 60/55ರದು. ಅದರ ಗಾಜು ಮುಟ್ಟಬೇಡಿ ಎನ್ನುವುದಕ್ಕೆ ಕಾರಣವಿದೆ. ಒಳಗಿನ ಹ್ಯಾಲೊಜೆನ್ ಅನಿಲ ತಂತುವಿನಿಂದ ಹಾರಿದ ಟಂಗ್‌ಸ್ಟನ್ನನ್ನು ಮತ್ತೆ ತಂತುವಿಗೇ ಸೇರಿಸುವ ಚಕ್ರ ನಡೆಯಬೇಕಾದರೆ ಬುರುಡೆ ಬಹಳ ಬಿಸಿಯಾಗಿರಬೇಕು. ಬೆರಳಿನ ಜಿಡ್ಡು ಬಿದ್ದ ಜಾಗ ಉಳಿದದ್ದಕ್ಕಿಂತ ಹೆಚ್ಚು ಕಾದು ಬುರುಡೆ ಬೇಗ ಸಾಯುತ್ತದೆ. ಬಲ್ಬಿನ ಮೂರು ಕಿವಿ ತೋಡಿನಲ್ಲಿ ಕೂತಿದೆಯೇ ನೋಡಿ ಸ್ಪ್ರಿಂಗ್ ಕ್ಲಿಪ್ ಹಾಕಿ, ಹಿಂದಿನ ರಬ್ಬರ್ ಟೋಪಿಯ ಅಂಚನ್ನು ಸುತ್ತಲೂ ಒತ್ತಿ. ರಬ್ಬರ್ ಒಂದು ಕಡೆ ಎದ್ದಿದ್ದರೂ ಧೂಳು ಒಳಗೆ ಹೋಗುತ್ತದೆ. ಬಂಪರ್ ಮತ್ತೆ ಏರಿಸುವ ಮುಂಚೆ ಬ್ಯಾಟರಿ ಜೋಡಿಸಿ ಡಿಮ್, ಹೈ, ಪಾರ್ಕಿಂಗ್, ಇಂಡಿಕೇಟರ್ ಎಲ್ಲ ಹತ್ತಿಸಿ ನೋಡುವುದು ಜಾಣತನ. ಪೂರಾ ಎಲ್‌ಇಡಿ ದೀಪವೇ ಬಂದಿರುವ ಈಚಿನ ದುಬಾರಿ ಕಾರುಗಳ ಕಥೆ ಬೇರೆ. ಕೆಲವಕ್ಕೆ ಕಂಪ್ಯೂಟರಿನಲ್ಲಿ ಪರಿಚಯ ಮಾಡಿಸದೆ ದೀಪ ಹತ್ತುವುದೇ ಇಲ್ಲ, ಅವನ್ನು ಮನೆಯಂಗಳಕ್ಕೆ ತರಬೇಡಿ.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಇಲ್ಲಿಗೆ ಮುಗಿಸಿಬಿಡುತ್ತಾರೆ. ಆದರೆ ಅಸಲು ಕೆಲಸ ಉಳಿದಿರುವುದೇ ಈಗ. ಹೊಸ ದೀಪದ ಬೆಳಕು ಎಲ್ಲಿ ಬೀಳುತ್ತದೆಂದು ಅದನ್ನು ತಯಾರಿಸಿದವನಿಗೆ ಗೊತ್ತಿಲ್ಲ, ನಿಮ್ಮ ಕಾರಿಗೆ ಕೂರಿಸಿದ ಮೇಲೆಯೇ ಅದು ಗೊತ್ತಾಗುವುದು. ಮಟ್ಟಸವಾದ ನೆಲ, ಎದುರಿಗೊಂದು ಬಿಳಿ ಗೋಡೆ ಹುಡುಕಿ. ಅಕ್ಕಿ ಗಿರಣಿಯ ಕಣವೋ ಶಾಲೆಯ ಅಂಗಳವೋ ಆದೀತು. ಟೈರುಗಳಿಗೆ ಸರಿಯಾಗಿ ಗಾಳಿ ಇರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂರಲಿ, ಡ್ಯಾಶ್‌ಬೋರ್ಡಿನ ಲೆವೆಲರ್ ಚಕ್ರ ಸೊನ್ನೆಯಲ್ಲಿರಲಿ. ಗೋಡೆಯಿಂದ ದೀಪಕ್ಕೆ 10 ಮೀಟರ್ ಬಿಟ್ಟು ನಿಲ್ಲಿಸಿ. ನೆಲದಿಂದ ಬಲ್ಬಿನ ನಡುಮಧ್ಯಕ್ಕೆ ಎತ್ತರ ಅಳೆಯಿರಿ. 65 ಸೆಂ.ಮೀ. ಬಂತೆನ್ನಿ, ಗೋಡೆಯ ಮೇಲೆ ಅದಕ್ಕಿಂತ 10 ಸೆಂ.ಮೀ. ಕೆಳಗೆ, ಅಂದರೆ 55ಕ್ಕೆ, ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯಿರಿ. ಡಿಮ್ ಹಾಕಿ, ಒಂದು ದೀಪಕ್ಕೆ ಗೋಣಿ ಮುಚ್ಚಿ, ಇನ್ನೊಂದರ ಹಿಂದಿನ ತಿರುಪನ್ನು ಸ್ಟಾರ್ ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ತಿರುಗಿಸಿ. ಬೆಳಕಿನ ಮಟ್ಟಗೆರೆ ಸೀಮೆಸುಣ್ಣದ ಮೇಲೆ ಕೂತು, ಎಡಕ್ಕಷ್ಟೇ ಏರು ಕಾಣಬೇಕು. ಆಮೇಲೆ ಇನ್ನೊಂದು ದೀಪ. ಹೈಬೀಮನ್ನು ಬೇರೆಯಾಗಿ ಹೊಂದಿಸಬೇಕಿಲ್ಲ, ಅದು ಡಿಮ್ಮಿನ ಹಿಂದೆಯೇ ಬರುತ್ತದೆ.

ಈ ಹತ್ತು ಸೆಂ.ಮೀ.ನಲ್ಲಿ ಏನಿದೆ ಎಂದರೆ: ಹತ್ತು ಮೀಟರಿಗೆ ಹತ್ತು ಸೆಂ.ಮೀ. ಇಳಿಯುವ ಬೆಳಕು 65 ಸೆಂ.ಮೀ. ಎತ್ತರದಿಂದ ಹೊರಟರೆ 65 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಇಪ್ಪತ್ತು ಸೆಂ.ಮೀ. ಇಳಿಸಿದಿರೋ, 32 ಮೀಟರಿಗೇ ರಸ್ತೆ ಮುಗಿಯಿತು. ಇಳಿಸುವುದನ್ನೇ ಮರೆತರೆ ಅದು ನೆಲವನ್ನೇ ಮುಟ್ಟದೆ ಹೋಗಿ ಎದುರಿನ ಬೈಕ್ ಸವಾರನ ಕಣ್ಣಲ್ಲಿ ನಿಲ್ಲುತ್ತದೆ. ಡಿಕ್ಕಿಯಲ್ಲಿ ನಾಲ್ಕು ಮೂಟೆ ಶೇಂಗಾ ಹಾಕಿದಾಗ, ನಾಯಕನಹಟ್ಟಿ ಜಾತ್ರೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಟಾಗ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಹೊಂದಿಸಿದ್ದೆಲ್ಲ ವ್ಯರ್ಥ. ಆಗ ಲೆವೆಲರ್ ಚಕ್ರವನ್ನು ಎರಡಕ್ಕೋ ಮೂರಕ್ಕೋ ತಿರುಗಿಸಬೇಕು. ಅದಕ್ಕೆಂದೇ ಆ ಚಕ್ರ ಇರುವುದು. ಕಾರು ಕೊಂಡ ದಿನದಿಂದ ಅದನ್ನು ಮುಟ್ಟದವರೇ ಹೆಚ್ಚು.

ಮಳೆಯ ದಿನ ಹೊಸ ದೀಪದೊಳಗೆ ತೆಳ್ಳಗೆ ಮಂಜು ಕಂಡರೆ ಗಾಬರಿ ಬೇಡ. ಗಾಳಿಯಾಡಲು ಹಿಂದೆ ಸಣ್ಣ ಕಂಡಿ ಇರುತ್ತದೆ, ದೀಪ ಹತ್ತಿಸಿ ಸ್ವಲ್ಪ ಹೊತ್ತು ಓಡಿಸಿದರೆ ಆರುತ್ತದೆ. ಹನಿಗಟ್ಟಿ ತಳದಲ್ಲಿ ನೀರು ನಿಂತರೆ ಮಾತ್ರ ಅಂಗಡಿಯವನ ಹತ್ತಿರ ವಾಪಸ್ ಒಯ್ಯಿರಿ, ಬಿಲ್ಲು ಜೋಪಾನವಾಗಿರಲಿ. ಧೂಳು ಕೂತಾಗ ಒಣಬಟ್ಟೆಯಲ್ಲಿ ಒರೆಸಬೇಡಿ, ಮಣ್ಣಿನ ಕಣವೇ ಗೀರು ಹಾಕುತ್ತದೆ. ಮೊದಲು ನೀರು ಸುರಿಯಿರಿ. ನಿಲ್ಲಿಸುವಾಗ ನೆರಳು ಸಿಗದಿದ್ದರೆ ಕಾರಿನ ಮೂತಿ ಉತ್ತರಕ್ಕಿರಲಿ. ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ವರ್ಷದ ಹೆಚ್ಚು ತಿಂಗಳು ದಕ್ಷಿಣಕ್ಕೇ ವಾಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಅವನು ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗ ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿದರಾಯಿತು.